ರೋಸಾ ಪಾರ್ಕ್ಸ್ ಕೂತಿದ್ದು ಬಿಳಿಯರ ಸೀಟಿನಲ್ಲಲ್ಲ

‘ದುಡಿದು ಕಾಲು ಸೋತಿದ್ದ ಮುದುಕಿಯೊಬ್ಬಳು ಬಿಳಿಯರ ಸೀಟಿನಲ್ಲಿ ಕೂತಳು, ಏಳಲಿಲ್ಲ, ಅಮೆರಿಕದ ಕಾನೂನೇ ಬದಲಾಯಿತು’ ಎಂದು ರೋಸಾ ಪಾರ್ಕ್ಸ್ ಬಗೆಗಿನ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ತಪ್ಪುಗಳಿವೆ.

1955ರ ಡಿಸೆಂಬರ್ 1ರಂದು, ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮರಿಯ ಆ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಕೂತಿದ್ದು ಬಿಳಿಯರ ಭಾಗದಲ್ಲಲ್ಲ, ಅದರ ಹಿಂದೆ ಕಪ್ಪು ಜನರಿಗೆಂದಿದ್ದ ಭಾಗದ ಮೊದಲ ಸಾಲಿನಲ್ಲಿ. ಮುಂದಿನ ಸೀಟುಗಳು ತುಂಬಿ ಒಬ್ಬ ಬಿಳಿಯ ನಿಂತಾಗ, ಆ ಸಾಲಿನ ನಾಲ್ವರೂ ಏಳಬೇಕೆಂದು ಡ್ರೈವರ್ ಗದರಿದ. ಮೂವರು ಎದ್ದರು. ಪಾರ್ಕ್ಸ್ ಕಿಟಕಿಯ ಕಡೆಗೆ ಸರಿದು ಕೂತರು.

ಆಗ ಅವರಿಗೆ 42 ವರ್ಷ. ಮೈ ದಣಿದಿರಲಿಲ್ಲ, ತಗ್ಗಿ ತಗ್ಗಿ ಸಾಕಾಗಿತ್ತು ಎಂದು ಅವರೇ ಮುಂದೆ ಹೇಳಿದ್ದಾರೆ. ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಯಲ್ಲಿ ವರ್ಷಗಳಿಂದ ದುಡಿದಿದ್ದ ಕಾರ್ಯದರ್ಶಿ ಅವರು. ಆ ದುಡಿಮೆಯನ್ನು ಅಳಿಸಿ ಬರೀ ಕಾಲುನೋವು ಉಳಿಸುವುದು ದೊಡ್ಡ ಅನ್ಯಾಯ.

ಬದಲಾವಣೆಯೂ ಒಂದೇ ಸಂಜೆ ಬರಲಿಲ್ಲ. ಜೋ ಆ್ಯನ್ ರಾಬಿನ್ಸನ್ ಎಂಬ ಅಧ್ಯಾಪಕಿ ರಾತ್ರಿಯೆಲ್ಲ ಕೂತು ಬಸ್ಸು ಹತ್ತಬೇಡಿ ಎಂಬ ಸಾವಿರಾರು ಕರಪತ್ರ ಅಚ್ಚು ಹಾಕಿಸಿದರು. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು. ಬಸ್ಸಿನ ಈ ಭೇದದ ವಿರುದ್ಧ ಕೋರ್ಟಿನಲ್ಲಿ ಗೆದ್ದ ದಾವೆ ಪಾರ್ಕ್ಸ್ ಅವರದ್ದಲ್ಲ; ಬೇರೆ ನಾಲ್ವರು ಹೆಂಗಸರದ್ದು. ಅವರಲ್ಲೊಬ್ಬಳು ಕ್ಲಾಡೆಟ್ ಕಾಲ್ವಿನ್, ಅದೇ ವರ್ಷ ಮಾರ್ಚ್‌ನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾದ 15ರ ಹುಡುಗಿ.