ಪೊಟ್ಟಣದಲ್ಲೇ ಮುಗಿದ ಸಮನ್ವಯ

ನಾಟಿ ಔಷಧವನ್ನೂ ಇಂಗ್ಲಿಷ್ ಔಷಧವನ್ನೂ ಒಂದುಗೂಡಿಸುವ ಬಗೆ ಹೇಗೆಂದು ವಿಚಾರ ಸಂಕಿರಣಗಳಲ್ಲಿ ತಲೆ ಕೆಡಿಸಿಕೊಳ್ಳುವ ಪಂಡಿತರು ಒಮ್ಮೆ ತುಮಕೂರು ಸೀಮೆಯ ಸಂತೆಗೆ ಬಂದು, ಮಂಡಿನೋವಿಗೆ ಪುಡಿ ಮಾರುವ ಮಹನೀಯನ ದರ್ಶನ ಪಡೆಯಬೇಕು. ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳನ್ನು ನೋಡಿಕೊಳ್ಳುವ ಆಯುಷ್ ಸಚಿವಾಲಯ ಕೇಂದ್ರದಲ್ಲಿ ಹುಟ್ಟಿದ್ದು 2014ರಲ್ಲಿ. ಈತನಾದರೋ ಅದಕ್ಕೂ ಮೊದಲೇ, ಯಾರ ಅನುದಾನವನ್ನೂ ಬೇಡದೆ, ಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟದ ಬೇರು ಎಂದು ಹೇಳಿ ಕಟ್ಟಿಕೊಡುವ ಪೊಟ್ಟಣದೊಳಗೆ ನೋವನ್ನು ಬೇಗ ಅಡಗಿಸುವ ಸ್ಟೀರಾಯ್ಡ್ ಎಂಬ ಇಂಗ್ಲಿಷ್ ಮಾತ್ರೆಯನ್ನು ನುಣ್ಣಗೆ ಅರೆದು ಬೆರೆಸಿ, ಎರಡೂ ಪದ್ಧತಿಗಳ ಮದುವೆಯನ್ನು ಗುಟ್ಟಾಗಿ ಮುಗಿಸಿದ್ದಾನೆ. (ಬರೀ ಬೇರನ್ನೇ ಕೊಡುವ ಹಳಬರೂ ಇದ್ದಾರೆ, ಅವರ ಪುಡಿಗೆ ಅಷ್ಟು ಬೇಗ ನೋವು ಇಳಿಯುವುದಿಲ್ಲವಾದ್ದರಿಂದ ಅಲ್ಲಿ ನೂಕುನುಗ್ಗಲಿಲ್ಲ.)

ನಾಲ್ಕು ದಿನಕ್ಕೆ ನೋವು ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, ಬರಬರುತ್ತ ಮುಖ ದುಂಡಗಾಗುತ್ತದೆ. ಊದಿದ ಮುಖವನ್ನು ಕಂಡ ನೆರೆಮನೆಯವರು ‘ಔಷಧಿ ಮೈಗೆ ಹಿಡಿದಿದೆ’ ಎಂದು ಮೆಚ್ಚಿ ತಮಗೂ ಎರಡು ಪೊಟ್ಟಣ ತರಿಸಿಕೊಳ್ಳುತ್ತಾರೆ. ಅದೇ ಸ್ಟೀರಾಯ್ಡಿನಿಂದ ರಕ್ತದಲ್ಲಿ ಸಕ್ಕರೆಯೂ ಏರಿದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ನೆನಪಾಗುತ್ತದೆ. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಅಲ್ಲಿನ ವೈದ್ಯರು ಕೇಳಿದರೆ, “ಇಲ್ಲ ಸಾರ್, ಇಂಗ್ಲಿಷ್ ಮಾತ್ರೆ ನಮಗೆ ಹೀಟು, ಮುಟ್ಟೋದೇ ಇಲ್ಲ” ಎಂಬ ಉತ್ತರ ಬರುತ್ತದೆ.

ಮದುವೆಗೆ ಬೇರೊಂದು ದಾರಿಯೂ ಇತ್ತು, ಆದರೆ ಅದು ತೀರಾ ನಿಧಾನದ್ದು. ನಾಟಿ ವೈದ್ಯರು ಬಳಸುತ್ತಿದ್ದ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ರೋಗಿಗಳಲ್ಲಿ ಅಳೆದು ನೋಡಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಅದರಿಂದ ಕೆಲವರಿಗೆ ಖಿನ್ನತೆ ಬರುತ್ತದೆಂಬ ದೂರೂ ದಾಖಲೆ ಸೇರಿತು. ತನ್ನ ಸರಕಿನ ದೋಷವನ್ನು ತಾನೇ ಬರೆದಿಡುವ ಇಂಥ ವ್ಯಾಪಾರ ಸಂತೆಯಲ್ಲಿ ಗಿಟ್ಟೀತೇ? ‘ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಎಂದು ಮೈಕಿನಲ್ಲಿ ಕೂಗುವುದು ಅದಕ್ಕಿಂತ ಅಗ್ಗ.

ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾಯ್ದೆ 1955ರಿಂದಲೇ ಜಾರಿಯಲ್ಲಿದೆ. ಆದರೂ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಶುಗರ್‌ಗೆ ಶಾಶ್ವತ ಪರಿಹಾರ’ ಎಂಬ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡಿವೆ. ಆರೋಪಿಯ ವಿಳಾಸ ಹುಡುಕುವ ಶ್ರಮ ಅಧಿಕಾರಿಗಳಿಗೆ ಬೇಡವೆಂದೋ ಏನೋ, ಪ್ರತಿ ಚೀಟಿಯ ಕೆಳಗೂ ದಪ್ಪ ಅಕ್ಷರದಲ್ಲಿ ಮೊಬೈಲ್ ನಂಬರನ್ನು ಅಚ್ಚು ಹಾಕಿಸಲಾಗಿದೆ. ಆ ನಂಬರಿಗೆ ಫೋನ್ ಮಾಡುವವರು ಮಾತ್ರ ರೋಗಿಗಳೇ.