ಕೇಳಿದ್ದು ಮೂರೇ ಪ್ರಶ್ನೆ

ಈಗಷ್ಟೇ ಫೋನ್ ಇಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಹಿಂದಿನ ಕಂಪನಿಯಲ್ಲಿ ನನ್ನ ಟೀಮಿನಲ್ಲಿದ್ದ ಹುಡುಗಿ ಎರಡು ತಿಂಗಳ ಹಿಂದೆ ಬೇರೆ ಊರಿಗೆ ಹೋದಳು. ಗಂಡನಿಗೆ ವರ್ಗ ಆಯಿತು, ಇವಳು ಕೆಲಸ ಬಿಟ್ಟಳು. ಆ ಊರಲ್ಲಿ ಗುರುತಿನವರು ಅಂತ ಒಬ್ಬರೂ ಇಲ್ಲ. ಇವತ್ತು ಒಂದು ಕಂಪನಿಯಲ್ಲಿ ನಾಲ್ಕನೇ ರೌಂಡ್. ಕೋಡಿಂಗ್, ಸಿಸ್ಟಮ್ ಡಿಸೈನ್ ಎಲ್ಲ ಚೆನ್ನಾಗಿ ಆಗಿತ್ತು. ಕೊನೆಗೆ ಮ್ಯಾನೇಜರ್ ಅವರೇ "ನಿಮಗೇನಾದರೂ ಕೇಳೋದಿದೆಯಾ?" ಅಂದರು.

ಇವಳು ಕೇಳಿದಳು. "ಕಳೆದ ಸಲ ಪ್ರೊಡಕ್ಷನ್ ಡೌನ್ ಆದಾಗ ಏನಾಯ್ತು ಸರ್? ರಾತ್ರಿ ಎದ್ದು ನೋಡಿದ್ದು ಯಾರು? ಮಾರನೇ ದಿನ ಏನು ಮಾಡಿದಿರಿ?" ಪ್ರೊಡಕ್ಷನ್ ಅಂದರೆ ಗ್ರಾಹಕರು ನಿಜವಾಗಿ ಬಳಸುತ್ತಿರೋ ಸಿಸ್ಟಮ್.

"ಆಫರ್ ಬರೋ ಮುಂಚೆಯೇ ಇಷ್ಟೆಲ್ಲ ವಿಚಾರಿಸೋರು ನಮ್ಮ ಕಲ್ಚರ್‌ಗೆ ಹೊಂದಲ್ಲಮ್ಮ" ಅಂದರಂತೆ. ಸಂಜೆ ರಿಜೆಕ್ಷನ್ ಮೇಲ್ ಬಂತು.

"ಅಕ್ಕ, ನಾನು ಕೇಳಬಾರದಿತ್ತಾ?" ಅಂತ ಅವಳು ಕೇಳಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಯಾಕೆ ಕೇಳಬಾರದು? ನಾಲ್ಕು ರೌಂಡ್ ಅವಳನ್ನು ಅಳೆದು ತೂಗಿ ನೋಡಿದರು. ಹಿಂದಿನ ಸಂಬಳ ಕೇಳಿದರು, ಮದುವೆ ಆಗಿದೆಯಾ ಅಂತಲೂ ಕೇಳಿದರು. ಅವಳು ಮೂರು ಪ್ರಶ್ನೆ ಕೇಳಿದ್ದೇ ತಪ್ಪಾಯಿತಾ? ಆ ಪ್ರಶ್ನೆಗಳನ್ನು ಹೇಳಿಕೊಟ್ಟಿದ್ದು ನಾನೇ. ಯಾಕೆ ಅಂತ ನನ್ನ ಹಳೇ ಗೆಳೆಯರಿಗೆ ಗೊತ್ತು.

ಹೊಸ ಊರಿಗೆ ಹೋದಾಗ ನಾನೂ ಆಫೀಸ್ ನೋಡಿಯೇ ಒಪ್ಪಿಕೊಂಡಿದ್ದೆ. ಗಾಜಿನ ಗೋಡೆ, ಆಟದ ಕೋಣೆ, ಗೋಡೆ ತುಂಬಾ ದೊಡ್ಡ ದೊಡ್ಡ ಮಾತುಗಳು. ಮೂರನೇ ತಿಂಗಳು, ರಾತ್ರಿ ಎರಡು ಗಂಟೆ, ಒಂದು ಡೇಟಾ ಸರಿಮಾಡೋ ಸ್ಕ್ರಿಪ್ಟ್ ಓಡಿಸುತ್ತಿದ್ದೆ. ಡೇಟಾದಲ್ಲಿ ಹನ್ನೆರಡು ಸಾಲು ಬದಲಾಗಬೇಕಿತ್ತು. ಎಂಟರ್ ಒತ್ತಿದ ಮೇಲೆ ಎಷ್ಟು ಸಾಲು ಬದಲಾಯಿತು ಅಂತ ಸ್ಕ್ರೀನ್ ಮೇಲೆ ಐದಂಕಿಯ ಸಂಖ್ಯೆ ಬಂತು. ಯಾವ ಸಾಲು ಬದಲಾಗಬೇಕು ಅಂತ ಹೇಳೋ ಕಂಡಿಷನ್‌ನಲ್ಲಿ ಒಂದು ಭಾಗ ಬಿಟ್ಟುಹೋಗಿತ್ತು. ತಕ್ಷಣ ಮ್ಯಾನೇಜರ್‌ಗೆ ಫೋನ್ ಮಾಡಿದೆ, ಬೆಳಗಾಗೋ ಹೊತ್ತಿಗೆ ಎಲ್ಲ ಸರಿಮಾಡಿದೆವು. ಒಂಬತ್ತು ಗಂಟೆಗೆ ನೋಡಿದರೆ ಇನ್ನೂರು ಜನ ಇರೋ ಗ್ರೂಪ್‌ನಲ್ಲಿ ನನ್ನ ಹೆಸರಿಗೆ ಕೆಂಪು ಸುತ್ತು ಹಾಕಿದ ಸ್ಕ್ರೀನ್‌ಶಾಟ್. ಒಬ್ಬಳೇ ಓಡಿಸೋ ಹಾಗೆ ಆ ಸ್ಕ್ರಿಪ್ಟ್ ಯಾಕೆ ಇತ್ತು, ಯಾಕೆ ಇನ್ನೊಬ್ಬರು ನೋಡಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಆ ಟೀಮಿನಲ್ಲಿ ತಪ್ಪಾದರೆ ಯಾರೂ ತಕ್ಷಣ ಹೇಳುತ್ತಿರಲಿಲ್ಲ. ಮೊದಲು ಮುಚ್ಚಿಹಾಕೋಕೆ ನೋಡುತ್ತಿದ್ದರು. ನಾನೂ ಮುಚ್ಚಿದ್ದೇನೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡೋದರಲ್ಲಿ ಆಗೋ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ನಾಯಕತ್ವ ಇದ್ದ ವಾರ್ಡ್‌ಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಸಿಕ್ಕಿತು. ಅಲ್ಲಿ ನರ್ಸ್‌ಗಳು ಹೆದರದೆ ಹೇಳಿಕೊಳ್ಳುತ್ತಿದ್ದರು ಅನ್ನೋದು ಅವರ ವಿವರಣೆ. ನನಗೆ ಇದನ್ನು ಓದಿದಾಗ ನಮ್ಮ ಟೀಮಿನ "ಈ ತಿಂಗಳು ಸೊನ್ನೆ ಇನ್ಸಿಡೆಂಟ್" ಬೋರ್ಡ್ ನೆನಪಾಯಿತು.

ಸಾಫ್ಟ್‌ವೇರ್‌ನವರು ಕೋಡ್ ಇಟ್ಟುಕೊಳ್ಳೋ ತಾಣ ನಡೆಸೋ ಗಿಟ್‌ಲ್ಯಾಬ್ ಕಂಪನಿಯ ಕಥೆ ನಿಮಗೆ ಗೊತ್ತಿರಬಹುದು. 2017ರ ಜನವರಿ 31ರಂದು ಅವರ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್‌ಗಳನ್ನು ನೋಡಿದರೆ ಒಂದಾದ ಮೇಲೊಂದು ಕೈಕೊಟ್ಟವು. ಸುಮಾರು ಆರು ಗಂಟೆ ಹಳೆಯ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು. ಕಂಪನಿ ಏನು ಮಾಡಿತು? ಡೇಟಾ ವಾಪಸ್ ತರೋ ಕೆಲಸವನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿತು. ಆಮೇಲಿನ ವರದಿಯಲ್ಲಿ ಬ್ಯಾಕಪ್ ಯಾಕೆ ಆಗುತ್ತಿರಲಿಲ್ಲ, ಎಚ್ಚರಿಕೆಯ ಮೇಲ್‌ಗಳು ಯಾಕೆ ತಲುಪುತ್ತಿರಲಿಲ್ಲ ಅಂತ ವಿವರವಾಗಿ ಬರೆಯಿತು. ಕಲ್ಚರ್ ಅಂದರೆ ನನಗೆ ಇದು. ಇವಳು ಇವತ್ತು ಕೇಳಿದ್ದೂ ಇದನ್ನೇ ಅಲ್ವಾ?

ಇನ್ನೊಂದು ವಿಷಯ ಇದೆ. ಬಹಳ ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಆ ಸ್ಕ್ರೀನ್‌ಶಾಟ್ ಆಗಿ ಒಂದು ವರ್ಷಕ್ಕೆ ನನ್ನನ್ನೂ ಇಂಟರ್ವ್ಯೂ ಮಾಡಲು ಕೂರಿಸಿದರು. ಒಬ್ಬ ಹುಡುಗ ರಾತ್ರಿ ಪ್ರಯಾಣ ಮಾಡಿ ನೇರ ಆಫೀಸಿಗೇ ಬಂದಿದ್ದ. ಬ್ಯಾಗ್ ಕುರ್ಚಿ ಪಕ್ಕದಲ್ಲೇ ಇತ್ತು. "ಮೇಡಂ, ಇಲ್ಲಿ ವಾತಾವರಣ ಹೇಗಿದೆ? ನನಗೆ ಈ ಊರಲ್ಲಿ ಯಾರೂ ಗೊತ್ತಿಲ್ಲ" ಅಂದ. ಪಕ್ಕದಲ್ಲಿ ಎಚ್‌ಆರ್ ಕೂತಿದ್ದರು. ನಾನು "ತುಂಬಾ ಚೆನ್ನಾಗಿದೆ" ಅಂದೆ. ಅವನು ನಂಬಿ ಸೇರಿಕೊಂಡ. ಅವನ ಮೊದಲ ತಪ್ಪಿಗೂ ಅದೇ ಗ್ರೂಪ್, ಅದೇ ಕೆಂಪು ಸುತ್ತು. ಐದು ತಿಂಗಳಿಗೆ ಬಿಟ್ಟುಹೋದ. ಹೋಗುವಾಗ ನನಗೆ ನಮಸ್ಕಾರ ಹೇಳಿಯೇ ಹೋದ. ಅವತ್ತು ಅವನ ಮುಖ ನೋಡೋಕೆ ನನಗೆ ಆಗಲಿಲ್ಲ.

"ಈಗ ಕೆಲಸ ಸಿಗೋದೇ ಕಷ್ಟ, ಇಷ್ಟೆಲ್ಲ ಕೇಳ್ತಾ ಕೂತರೆ ಯಾರು ಕರೀತಾರೆ?" ಅಂತ ಕೆಲವರು ಹೇಳುತ್ತಾರೆ. ನಮ್ಮ ಮನೆಯಲ್ಲೂ ಹೇಳಿದರು. ಸಾಲದ ಕಂತು ಇದ್ದವರು ಸಿಕ್ಕಿದ್ದನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ, ಒಪ್ಪಿಕೊಳ್ಳಲಿ. ಆದರೆ ಕಣ್ಣು ಬಿಟ್ಟುಕೊಂಡು ಒಪ್ಪಿಕೊಳ್ಳಲಿ. ಮನೆಗೆ ಅಡ್ವಾನ್ಸ್ ಕೊಟ್ಟು, ಮಕ್ಕಳನ್ನು ಸ್ಕೂಲಿಗೆ ಸೇರಿಸಿದ ಮೇಲೆ ಗೊತ್ತಾದರೆ ಏನು ಮಾಡೋದು? ಸ್ವಂತ ಊರಲ್ಲಾದರೆ ಯಾರೋ ಒಬ್ಬರು "ಅಲ್ಲಿಗೆ ಹೋಗಬೇಡ" ಅಂತ ಕಿವಿಮಾತು ಹೇಳುತ್ತಾರೆ. ಹೊಸಬರಿಗೆ ಅದೂ ಇಲ್ಲ. ಅವರ ಹತ್ತಿರ ಇರೋದು ಆ ಕೊನೆಯ ಐದು ನಿಮಿಷ ಮಾತ್ರ. ಅದನ್ನೂ ಕಿತ್ತುಕೊಂಡರೆ ಹೇಗೆ?

ಅವಳಿಗೆ ಫೋನ್‌ನಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕೆಲಸ ಮಾಡಿದವರು ಕಂಪನಿ ಬಗ್ಗೆ ಅಭಿಪ್ರಾಯ ಬರೆಯೋ ಗ್ಲಾಸ್‌ಡೋರ್‌ನಲ್ಲಿ ಸ್ಟಾರ್ ಎಣಿಸಬೇಡಿ, ತಾರೀಖು ನೋಡಿ. ಒಂದೇ ವಾರದಲ್ಲಿ ಹತ್ತು ಹೊಗಳಿಕೆ ಬಂದಿದ್ದರೆ ಅನುಮಾನ ಪಡಿ. ಲಿಂಕ್ಡ್‌ಇನ್‌ನಲ್ಲಿ ನೀವು ಸೇರೋ ಟೀಮಿನವರು ಎಷ್ಟು ದಿನ ಉಳಿದಿದ್ದಾರೆ ನೋಡಿ. ವರ್ಷದೊಳಗೆ ಬಿಟ್ಟವರು ಮೂರ್ನಾಲ್ಕು ಜನ ಕಂಡರೆ ಒಬ್ಬರಿಗೆ ಮರ್ಯಾದೆಯಿಂದ ಮೆಸೇಜ್ ಮಾಡಿ. ಬಿಟ್ಟುಹೋದವರು ಸಾಮಾನ್ಯವಾಗಿ ನಿಜ ಹೇಳುತ್ತಾರೆ, ಫೋನ್‌ನಲ್ಲಾದರೆ ಇನ್ನೂ ಜಾಸ್ತಿ. ಊರಿನ ಮೀಟಪ್‌ಗಳಿಗೆ ಹೋಗಿ. ಹೆಣ್ಣುಮಕ್ಕಳು ಪೈಲೇಡೀಸ್ (ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯೋ ಮಹಿಳೆಯರ ಬಳಗ) ಥರದ ಗುಂಪು ಅಲ್ಲಿದೆಯಾ ಹುಡುಕಿ. ಕೆಲಸ ಸಿಗದಿದ್ದರೂ ನಾಲ್ಕು ಜನರ ಗುರುತು ಆಗುತ್ತದೆ.

ಗುರುವಾರ ಅವಳಿಗೆ ಇನ್ನೊಂದು ಇಂಟರ್ವ್ಯೂ ಇದೆ. "ಈ ಸಲ ಸುಮ್ನೆ ಇದ್ದುಬಿಡಲಾ ಅಕ್ಕ?" ಅಂದಳು. ಬೇಡ, ಅದೇ ಮೂರು ಪ್ರಶ್ನೆ ಕೇಳು ಅಂದಿದ್ದೇನೆ.

ಅವಳದು ಬ್ಯಾಕೆಂಡ್ (ಸರ್ವರ್ ಕಡೆಯ ಕೋಡಿಂಗ್), ಆರು ವರ್ಷ ಅನುಭವ. ನಿಮ್ಮ ಟೀಮಿನಲ್ಲಿ ಜಾಗ ಇದ್ದರೆ ಮೆಸೇಜ್ ಮಾಡಿ, ಊರಿನ ಹೆಸರು ಅಲ್ಲಿ ಹೇಳುತ್ತೇನೆ. ಜೊತೆಗೆ ನಿಮ್ಮಲ್ಲಿ ಕಳೆದ ಸಲ ಪ್ರೊಡಕ್ಷನ್ ಬಿದ್ದಾಗ ಏನಾಯ್ತು ಅಂತಲೂ ಎರಡು ಸಾಲು ಬರೆಯಿರಿ. ಅವಳು ಹೇಗೂ ಕೇಳುತ್ತಾಳೆ.