ಬಿ ಖಾತಾ ಲ್ಯಾಪ್‌ಟಾಪ್

ನಮ್ಮ ಭಾವ ನೆಲಮಂಗಲದ ಕಡೆ ಒಂದು 30×40 ಸೈಟು ಕೊಳ್ಳುವುದಕ್ಕೆ ಎಂಟು ತಿಂಗಳು ತೆಗೆದುಕೊಂಡರು. ಮೂಲಪತ್ರ, 30 ವರ್ಷದ ಇಸಿ, ಕಂದಾಯದ ರಸೀದಿ ಎಲ್ಲವನ್ನೂ ಇಬ್ಬರು ಲಾಯರಿಗೆ ತೋರಿಸಿದರು. ಅದೇ ಭಾವ ಮೊನ್ನೆ ಹಳೇ ಲ್ಯಾಪ್‌ಟಾಪಿಗೆ ವೈಫೈ ಡ್ರೈವರ್, ಅಂದರೆ ವೈಫೈ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಬೇಕು ಅಂತ, ಅಕ್ಕನ ಮೊಬೈಲಿನಲ್ಲಿ ಮೊದಲು ಕಂಡ ಹಸಿರು ‘ಡೌನ್‌ಲೋಡ್’ ಬಟನ್ ಒತ್ತಿ, ಬಂದ ಫೈಲನ್ನು ಲ್ಯಾಪ್‌ಟಾಪಿಗೆ ದಾಟಿಸಿಬಿಟ್ಟರು. ಆ ಪುಟದಲ್ಲಿ ಅಂಥ ಬಟನ್ ಐದಿದ್ದವು. ಅಸಲಿಯದು ಮೂಲೆಯಲ್ಲಿ, ಸಣ್ಣಕ್ಷರದಲ್ಲಿ.

ಬಂದದ್ದು ಡ್ರೈವರ್ ಅಲ್ಲ, ಡ್ರೈವರ್ ಹುಡುಕಿಕೊಡುವ ಬ್ರೋಕರ್. ‘ನಿಮ್ಮ ಕಂಪ್ಯೂಟರಿನಲ್ಲಿ 47 ತೊಂದರೆಗಳಿವೆ, ಹಣ ಕಟ್ಟಿ’ ಅಂತ ಕೂತ.

ಭಾವನದೇ ಪೂರ್ತಿ ತಪ್ಪಲ್ಲ ಬಿಡಿ. ಮೊದಲು ಕಂಪನಿಯ ತಾಣಕ್ಕೇ ಹೋಗಿದ್ದರು. ಅಲ್ಲಿ ‘ಈ ಮಾಡೆಲಿಗೆ ಸಪೋರ್ಟ್ ಮುಗಿದಿದೆ’ ಅಂತ ಬರೆದು ಫೈಲುಗಳನ್ನೆಲ್ಲ ತೆಗೆದುಹಾಕಿದ್ದರು. ಕೆಳಗೇ ಎಚ್ಚರಿಕೆ: ‘ಸುರಕ್ಷತೆಗಾಗಿ ಡ್ರೈವರುಗಳನ್ನು ನಮ್ಮ ತಾಣದಿಂದ ಮಾತ್ರ ಇಳಿಸಿಕೊಳ್ಳಿ.’ ಸಹಾಯವಾಣಿಯ ಹುಡುಗ ಇನ್ನೂ ಜಾಣ. ‘ಇಂಟರ್‌ನೆಟ್‌ಗೆ ಕನೆಕ್ಟ್ ಮಾಡಿ ಸರ್, ವೈಫೈ ಡ್ರೈವರ್ ತಾನೇ ಬರುತ್ತೆ’ ಅಂದ. ಬಾವಿಗೆ ಇಳಿಯೋಕೆ ಹಗ್ಗ ಕೇಳಿದರೆ, ಹಗ್ಗ ಬಾವಿಯೊಳಗೇ ಇದೆ ಅಂದ ಹಾಗೆ.

ಇದು ಥೇಟ್ ನಮ್ಮ ಬಿ ಖಾತಾ, ಕಂದಾಯ ಕಟ್ಟಿಯೂ ಸಕ್ರಮವಾಗದ ಆಸ್ತಿ. ದುಡ್ಡು ಇಸ್ಕೊಂಡಿದ್ದಾರೆ, ಮನೆ ಮಾತ್ರ ಲೆಕ್ಕಕ್ಕಿಲ್ಲ. 2020ರ ಜನವರಿ 14ಕ್ಕೆ ವಿಂಡೋಸ್ 7 ಸಪೋರ್ಟ್ ಮುಗಿದವರ ಈ ಪಟ್ಟಿಗೆ ಸೇರಿತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10. ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿದರೆ ‘ಎಲ್ಲಾ ಡ್ರೈವರೂ ಇದೆ ಸರ್’ ಅಂತ ಒಂದು ಪೆನ್‌ಡ್ರೈವ್ ಮುಂದೆ ಬರುತ್ತದೆ. ಅದರ ಮೂಲಪತ್ರ ಕೇಳಬಾರದು. ಡ್ರೈವರ್ ಏನು ವರಾಂಡದಲ್ಲಿ ಕೂರುವ ಆಸಾಮಿಯೇ? ಸೀದಾ ವಿಂಡೋಸಿನ ಒಳಮನೆಯಾದ ಕರ್ನಲ್‌ಗೆ ನುಗ್ಗುತ್ತಾನೆ, ಬೀರು ಬೀಗದ ಕೈ ಅವನ ಜೇಬಿನಲ್ಲಿ.

ಬ್ರೋಕರನ್ನು ಓಡಿಸಿ ನಾನೇ ಕೂತೆ. ‘ಭಾವ, ಇದನ್ನೂ ಸೈಟು ಅಂತಲೇ ತಿಳ್ಕೊಳ್ಳಿ’ ಅಂದೆ. ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ ಇರುತ್ತದೆ. ಚಿಪ್ ಯಾರದು, ಯಾವುದು ಅಂತ ಅದು ಹೇಳುತ್ತದೆ. ಅದೇ ಸರ್ವೆ ನಂಬರು. ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗಿನಲ್ಲಿ ಹುಡುಕಿದೆ, ಸಿಗಲಿಲ್ಲ. ಹಳೇ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಕಂಪನಿಯ ಹಳೇ ಪುಟದ ನಕಲು ಸಿಕ್ಕಿತು. ಫೈಲ್ ಇರಲಿಲ್ಲ, ಅದರ ಎಸ್‌ಎಚ್‌ಎ-256 ಹ್ಯಾಶ್ ಇತ್ತು, ಅಂದರೆ ಫೈಲಿನ ಬೆರಳಚ್ಚು. ಫೈಲು ಸಿಕ್ಕಿದ್ದು ಇನ್ನೆಲ್ಲೋ. ಒಳ್ಳೆಯದೇ ಆಯಿತು. ಫೈಲ್ ಕೊಟ್ಟವನೇ ಹ್ಯಾಶನ್ನೂ ಕೊಟ್ಟರೆ, ಅದು ಸೈಟು ಮಾರುವವನೇ ಬರೆದುಕೊಟ್ಟ ಇಸಿ ಅಲ್ವಾ? ಪ್ರಾಪರ್ಟೀಸಿನಲ್ಲಿ ಡಿಜಿಟಲ್ ಸಹಿ ಯಾರ ಹೆಸರಿನಲ್ಲಿದೆ ನೋಡಿದೆ. ಸರ್ಟ್‌ಯುಟಿಲ್ ಅನ್ನೋ ವಿಂಡೋಸಿನದೇ ಸಾಧನ ಓಡಿಸಿದರೆ ಈ ಫೈಲಿನ ಹ್ಯಾಶ್, 64 ಅಕ್ಷರ, ಉದುರಿತು.

ಭಾವನ ಮುಖ ಅರಳಿತು. ಕನ್ನಡಕ ಏರಿಸಿ, ಎರಡು ಹ್ಯಾಶನ್ನೂ ಕಾಗದದ ಮೇಲೆ ಬರೆದುಕೊಂಡು, ಒಂದೊಂದೇ ಅಕ್ಷರ ಜೋರಾಗಿ ಓದಿ ತಾಳೆ ನೋಡತೊಡಗಿದರು.

‘ಕಂಪ್ಯೂಟರೇ ತಾಳೆ ನೋಡುತ್ತೆ ಭಾವ.’

‘ಲಾಯರೂ ಹಾಗೇ ಅಂದಿದ್ದ, ಸುಮ್ನಿರಯ್ಯ.’

ಅಡುಗೆಮನೆಯಿಂದ ಅಕ್ಕ ಕೂಗಿದಳು: ‘ಅದ್ಯಾವ ಸ್ತೋತ್ರ ರೀ, ದೀಪ ಹಚ್ಚೋ ಹೊತ್ತಲ್ಲಿ?’

ಭಾವನಿಗೆ 41ರಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಶುರು ಮಾಡಿದರು.